ಉಸಿರಿಗೂ ಒಂದು ರೆನಾಲ್ಡ್ಸ್ ನಂಬರ್

ರೆನಾಲ್ಡ್ಸ್ ನಂಬರ್ ಫಾರ್ಮುಲಾ ನಾವೆಲ್ಲ ಬಾಯಿಪಾಠ ಮಾಡಿದ್ದೀವಿ. ಪೈಪು, ಪಂಪು ಬಿಟ್ಟರೆ ಅದು ಬೇರೆಲ್ಲೂ ಬೇಕಾಗಲ್ಲ ಅಂದ್ಕೊಂಡಿರ್ತೀವಿ. ಆದರೆ ನಮ್ಮ ಗಂಟಲೊಳಗೂ ಒಂದು ಪೈಪಿದೆ.

ಊತದಿಂದಲೋ ಗಡ್ಡೆಯಿಂದಲೋ ಶ್ವಾಸನಾಳ ಕಿರಿದಾದಾಗ ಗಾಳಿ ಅಲ್ಲಿ ವೇಗವಾಗಿ ನುಗ್ಗಿ ಸುಳಿಸುಳಿಯಾಗುತ್ತದೆ. ಇಂಥ ಟರ್ಬ್ಯುಲೆಂಟ್ ಹರಿವಿನಲ್ಲಿ ಅನಿಲದ ಸಾಂದ್ರತೆ ಹೆಚ್ಚಿದ್ದಷ್ಟೂ ತಡೆ ಹೆಚ್ಚು. ನಾಳವನ್ನು ತಕ್ಷಣ ಅಗಲ ಮಾಡೋಕಾಗಲ್ಲ, ಅನಿಲವನ್ನೇ ಬದಲಿಸಬಹುದಲ್ವಾ? 1930ರ ದಶಕದಲ್ಲಿ ಅಮೆರಿಕದ ವೈದ್ಯ ಆಲ್ವನ್ ಬರಾಕ್ ಮಾಡಿದ್ದು ಇದನ್ನೇ. ನೈಟ್ರೋಜನ್ ಜಾಗಕ್ಕೆ ಹೀಲಿಯಂ ತಂದರು. ಇಂಥ ಹೀಲಿಯಂ-ಆಕ್ಸಿಜನ್ ಮಿಶ್ರಣಕ್ಕೆ ಈಗ ಹೀಲಿಯಾಕ್ಸ್ ಅಂತಾರೆ.

80 ಭಾಗ ಹೀಲಿಯಂ, 20 ಭಾಗ ಆಕ್ಸಿಜನ್ ಅಂತಿಟ್ಟುಕೊಳ್ಳಿ. ಸರಾಸರಿ ಅಣುತೂಕ 0.8×4 + 0.2×32 = 9.6. ಗಾಳಿಯದು ಸುಮಾರು 29. ಅಂದರೆ ಸಾಂದ್ರತೆ ಮೂರನೇ ಒಂದು ಭಾಗ! ವಿಸ್ಕಾಸಿಟಿ ಮಾತ್ರ ಗಾಳಿಗಿಂತ ಸ್ವಲ್ಪ ಜಾಸ್ತಿಯೇ. ಹಾಗಾಗಿ ಅದೇ ವೇಗಕ್ಕೆ ರೆನಾಲ್ಡ್ಸ್ ನಂಬರ್ ಮೂರನೇ ಒಂದಕ್ಕಿಂತಲೂ ಕೆಳಗಿಳಿಯುತ್ತದೆ. ಹರಿವು ಪೂರ್ತಿ ಲ್ಯಾಮಿನಾರ್ ಆಗದಿದ್ದರೂ ಪರವಾಗಿಲ್ಲ, ಉಸಿರೆಳೆಯುವ ಶ್ರಮ ಕಡಿಮೆಯಾಗುತ್ತದೆ.

ಹಾಗಂತ ಹೀಲಿಯಂ ಊತ ಇಳಿಸಲ್ಲ. ಸ್ಟೀರಾಯ್ಡ್ ಕೆಲಸ ಶುರುಮಾಡೋವರೆಗೆ, ಸುಸ್ತಾಗಿ ಕೈಚೆಲ್ಲುತ್ತಿರುವ ಸ್ನಾಯುಗಳಿಗೆ ಒಂದಿಷ್ಟು ಸಮಯ ಕೊಡುತ್ತದೆ, ಅಷ್ಟೇ. ಆ ಸಮಯದಲ್ಲೇ ಜೀವ ಉಳಿಯಬಹುದು. ರೋಗಿಗೆ ಹೆಚ್ಚು ಆಕ್ಸಿಜನ್ ಬೇಕಾದರೆ ಹೀಲಿಯಂ ಪಾಲು ತಗ್ಗಿಸಲೇಬೇಕು. ಆಗ ಲಾಭವೂ ತಗ್ಗುತ್ತದೆ.

ಅಳತೆಯಲ್ಲೂ ಹುಷಾರಾಗಿರಬೇಕು. ಆಕ್ಸಿಜನ್‌ಗೆಂದು ಗುರುತು ಹಾಕಿದ ಫ್ಲೋಮೀಟರ್ 10 ಲೀಟರ್ ತೋರಿಸಿದರೆ, ಈ ಮಿಶ್ರಣ ನಿಜಕ್ಕೂ ಸುಮಾರು 18 ಲೀಟರ್ ಹರಿಯುತ್ತಿರುತ್ತದೆ. ಯಾಕೆ 18? ರೋಟಾಮೀಟರ್ ಪಾಠ ನೆನಪು ಮಾಡ್ಕೊಳ್ಳಿ: 32ನ್ನು 9.6ರಿಂದ ಭಾಗಿಸಿ, ವರ್ಗಮೂಲ ತೆಗೆದು ನೋಡಿ.