ಸುಮ್ಮನಿರುವವರನ್ನು ತೆಗೆಯಬೇಡಿ

ವಾಟ್ಸ್‌ಆ್ಯಪ್ ಗುಂಪಿನಲ್ಲಿ ದಿನವಿಡೀ ಬರೆಯುವ ನಾಲ್ಕೈದು ಮಂದಿಯೇ ಅದರ ಜೀವಾಳ ಎಂದುಕೊಳ್ಳುತ್ತೇವೆ. ಆದರೆ ಅವರು ಒಬ್ಬರನ್ನೊಬ್ಬರು ಬಲ್ಲವರು. ಒಬ್ಬರಿಗೆ ಗೊತ್ತಿರುವುದು ಉಳಿದವರಿಗೂ ಗೊತ್ತು. ಹೊಸ ಸುದ್ದಿ ತರುವವರು ಹೆಚ್ಚಾಗಿ ಬೇರೆ ಗುಂಪಿನಲ್ಲೂ ಇದ್ದು ಇಲ್ಲಿ ಅಪರೂಪಕ್ಕೆ ಬರೆಯುವವರು. ಕೆಲಸದ ಸುದ್ದಿಯೂ ಹಾಗೆಯೇ: ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಾಸ್ಟನ್ ಬಳಿ ಪರಿಚಿತರ ಮೂಲಕ ಕೆಲಸ ಹಿಡಿದವರ ಪೈಕಿ ಆ ಪರಿಚಿತರನ್ನು ಪದೇ ಪದೇ ಕಾಣುತ್ತಿದ್ದವರು ಶೇ 17ರಷ್ಟೇ.

ಗುಂಪುಗಳನ್ನು ಬೆಸೆಯುವ ಇಂಥ ಕೊಂಡಿಗಳಿಂದ ವದಂತಿಯೂ ಹಬ್ಬುತ್ತದಲ್ಲ ಎನ್ನಬಹುದು. ನಿಜ. ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವದಂತಿ ಒಂದು ಜೀವ ತೆಗೆದ 2018ರ ಜುಲೈನಲ್ಲೇ ಭಾರತದಲ್ಲಿ ಫಾರ್ವರ್ಡ್‌ಗೆ ಐದು ಚಾಟ್‌ಗಳ ಮಿತಿ ಬಂತು. ಆದರೆ ಸುಮ್ಮನಿರುವವರನ್ನು ತೆಗೆದು ಕೊಂಡಿ ಕಳಚಿದರೆ ಸುಳ್ಳಿನ ಜೊತೆ ಅದನ್ನು ತಿದ್ದುವ ಮಾತಿನ ದಾರಿಯೂ ಮುಚ್ಚುತ್ತದೆ. ಎರಡು ಗುಂಪಿನಲ್ಲಿರುವವರು ನೀವೇ ಆಗಿದ್ದರೆ, ದಯವಿಟ್ಟು ಸಂದೇಶದ ಮೂಲ ವಿಚಾರಿಸಿಯೇ ಮುಂದೆ ಕಳಿಸಿ.