ಕೋಟೆಯ ಸುತ್ತ ಕಂದಕ

ಅಕ್ಕಂದಿರೇ, ಬಳ್ಳಾರಿ ಗುಡ್ಡ ನೋಡಿದ್ದೀರಲ್ಲ? ಗುಡ್ಡದ ಮೇಲೆ ಒಂದು ಕೋಟೆ ಐತೆ. ಅದು ಮೇಲಿನ ಕೋಟೆ. ಬುಡದಲ್ಲಿ ಇನ್ನೊಂದು ಐತೆ. ಅದು ಕೆಳಗಿನ ಕೋಟೆ.

ಮೇಲಿನ ಕೋಟೆ ಕಟ್ಟಿಸಿದವನು ಹನುಮಪ್ಪ ನಾಯಕ. ಅವನು ವಿಜಯನಗರ ಕಾಲದ ಪಾಳೇಗಾರ. ಕೆಳಗಿನ ಕೋಟೆ ಕಟ್ಟಿಸಿದವನು ಹೈದರ್ ಅಲಿ. ಅದಕ್ಕೆ ಸುಮಾರು 250 ವರ್ಷ ಆಯಿತು. 1800ರಲ್ಲಿ ಬಳ್ಳಾರಿ ಇಂಗ್ಲಿಷರ ಕೈಗೆ ಹೋಯಿತು.

ಕೆಳಗಿನ ಕೋಟೆಯ ಸುತ್ತ ಆಳವಾದ ಕಂದಕ ತೋಡಿದರು. ಕಂದಕಕ್ಕೆ ಅಗಳು ಅಂತಲೂ ಹೇಳುತ್ತಾರೆ. ಇದು ಯಾಕೆ ಬೇಕಿತ್ತು? ಕಂದಕ ಇದ್ದರೆ ಶತ್ರುಗಳು ಗೋಡೆಗೆ ಏಣಿ ಹಾಕುವುದು ಕಷ್ಟ. ಆನೆ, ಕುದುರೆ ದಾಟುವುದೂ ಕಷ್ಟ.

ಕುರುಗೋಡಿನಲ್ಲೂ ಬೆಟ್ಟದ ಮೇಲೆ ಕೋಟೆ ಐತೆ. ಅಲ್ಲಿ ಕಡಿದಾದ ಬಂಡೆಯೇ ಕಾವಲು. ಸಿರುಗುಪ್ಪ ಕಡೆ ವಿಜಯನಗರ ಕಾಲದ ಕಾಲುವೆ ಐತೆ. ಕಂದಕ ಶತ್ರುವನ್ನು ತಡೆಯಿತು. ಕಾಲುವೆ ಹೊಲಕ್ಕೆ ನೀರು ತಂದಿತು. ಎರಡನ್ನೂ ತೋಡಿದ್ದು ನಮ್ಮಂಥ ದುಡಿಯುವ ಜನ. ರಾಜರ ಹೆಸರು ಪುಸ್ತಕದಲ್ಲಿ ಐತೆ. ಮಣ್ಣು ಹೊತ್ತವರ ಹೆಸರು ಇಲ್ಲ. ಅವರು ಬಿಟ್ಟು ಹೋದ ಗುರುತು ಈ ಕಂದಕವೇ.

ದೂರದ ಇಂಗ್ಲೆಂಡ್ ದೇಶದ ಹಳ್ಳಿಗಳಲ್ಲೂ ಕಂದಕಗಳಿವೆ. ಸುಮಾರು 700 ವರ್ಷದ ಹಿಂದೆ ಅಲ್ಲಿನ ಜಮೀನ್ದಾರರು ಮನೆಯ ಸುತ್ತ ಕಂದಕ ತೋಡಿಸಿದರು. ನೀರು ತುಂಬಿಸಿದರು. ಕೆಲವರು ಅದರಲ್ಲಿ ಮೀನು ಸಾಕಿದರು. ಕಳ್ಳರನ್ನು ದೂರ ಇಡುವುದು ಒಂದು ಕಾರಣ. ಊರಿಗೆ ದೊಡ್ಡಸ್ತಿಕೆ ತೋರಿಸುವುದು ಇನ್ನೊಂದು. ಅಂಥ ಸುಮಾರು 6000 ಜಾಗ ಪತ್ತೆಯಾಗಿವೆ. ಎಷ್ಟೋ ಕಡೆ ಮನೆ ಬಿದ್ದು ಹೋಗಿದೆ, ಕಂದಕ ಮಾತ್ರ ಉಳಿದಿದೆ. ಆ ತಗ್ಗು ನೋಡಿಯೇ ಇಲ್ಲೊಂದು ಮನೆ ಇತ್ತು ಅಂತ ತಿಳಿಯುತ್ತಾರೆ.

ಹಾಗಾದರೆ ಕಂದಕವೂ ಒಂದು ಬರಹವೇ ಅಲ್ಲವೇ? ಅದರಲ್ಲಿ ಕಸ ಸುರಿದರೆ, ಮಣ್ಣು ಮುಚ್ಚಿದರೆ, ಬರಹ ಅಳಿಸಿ ಹೋಗುತ್ತದೆ. ನಿಂತ ನೀರಿನಿಂದ ಸೊಳ್ಳೆ ಹೆಚ್ಚುತ್ತವೆ. ಮಲೇರಿಯಾ ನಮ್ಮ ಮಕ್ಕಳಿಗೇ ಬರುತ್ತದೆ.

ಈಗ ನಮಗೆ ಅಕ್ಷರ ಬಂದಿದೆ. ಮುಂದಿನ ಸಲ ಕೋಟೆ ಕಡೆ ಹೋದಾಗ ಅಲ್ಲಿನ ಬೋರ್ಡು ನಾವೇ ಓದೋಣ. ಮಕ್ಕಳಿಗೂ ಓದಿ ಹೇಳೋಣ.

ಪದಗಳ ಅರ್ಥ
ಕಂದಕ – ಕೋಟೆಯ ಸುತ್ತ ತೋಡಿದ ಆಳವಾದ ತಗ್ಗು
ಪಾಳೇಗಾರ – ಒಂದು ಸೀಮೆಯನ್ನು ಆಳುವ ನಾಯಕ

ಮಾತಾಡೋಣ, ಬರೆಯೋಣ
1. ಕೋಟೆಯ ಸುತ್ತ ಕಂದಕ ಯಾಕೆ ತೋಡುತ್ತಿದ್ದರು?
2. ಕಂದಕಕ್ಕೂ ಕಾಲುವೆಗೂ ಏನು ವ್ಯತ್ಯಾಸ?
3. ನಿಮ್ಮೂರಲ್ಲಿ ಹಳೆಯ ಗೋಡೆ, ಬಾವಿ, ಕಂದಕ ಐತಾ? ಹಿರಿಯರನ್ನು ಕೇಳಿ ನಾಲ್ಕು ಸಾಲು ಬರೆಯಿರಿ.