ಹಲ್ಲು ಕೀಳಿಸುವ ಮೊದಲು

ತಮ್ಮಾ, ‘ದವಡೆ ಹಲ್ಲು ಕಾಡ್ಲಿಕತ್ತದ ಕಾಕಾ, ಕೀಳಿಸಿ ಒಗದು ಇಂಪ್ಲಾಂಟ್ ಹಾಕಿಸ್ಕೊಂಡ್ರ ಆಯ್ತು’ ಅಂದಿಯಲ್ಲ, ಆ ಮಾತಿಗೆ ಅಂದು ನಿನ್ನ ಗೆಳೆಯರ ಎದುರಿಗೆ ಏನೂ ಹೇಳಲಿಲ್ಲ. ಇಂಪ್ಲಾಂಟ್ ಬೇಡ ಅನ್ನುವವನು ನಾನಲ್ಲ. ನನ್ನ ಬಾಯಲ್ಲೇ ಅದು ಇದೆ, ಅದರ ಮೇಲೆಯೇ ಖಡಕ್ ರೊಟ್ಟಿ ಮುರಿದು ತಿನ್ನುತ್ತೇನೆ. ಆದರೆ ಬೀದರಿನ ದವಾಖಾನೆಗಳ ಬೋರ್ಡಿನ ಮೇಲೆ ಆ ಶಬ್ದ ದೊಡ್ಡಕ್ಷರದಲ್ಲಿ ಬಂದಾಗಿನಿಂದ ನಿಮ್ಮ ವಯಸ್ಸಿನವರಿಗೆ ಹಲ್ಲು ಅಂದರೆ ಸೈಕಲ್ಲಿನ ಬಿಡಿಭಾಗದಷ್ಟು ಹಗುರವಾಗಿದೆ. ಅದಕ್ಕೇ ಈ ನಾಲ್ಕು ಮಾತು.

ನಿನಗೆ ಕಾಡುತ್ತಿರುವುದು ಕೆಳದವಡೆಯ ಆ ದೊಡ್ಡ ಹಲ್ಲೇ ತಾನೆ? ಅದು ಆರನೇ ವರ್ಷಕ್ಕೇ ಹುಟ್ಟಿದ್ದು. ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆ, ಸದ್ದಿಲ್ಲದೆ ಬರುತ್ತದೆ. ಮನೆಯವರು ಹಾಲುಹಲ್ಲೇ ಇರಬೇಕು, ಹೇಗೂ ಬಿದ್ದುಹೋಗುತ್ತದೆ ಅಂದುಕೊಳ್ಳುತ್ತಾರೆ. ಹಾಗಾಗಿ ಎಲ್ಲಕ್ಕಿಂತ ಮೊದಲು ಹುಳುಕಾಗುವುದು ಬಹುಮಟ್ಟಿಗೆ ಅದೇ. ಹುಳುಕು ನರದವರೆಗೆ ಇಳಿದಿದ್ದರೂ ರೂಟ್ ಕೆನಾಲ್ ಮಾಡಿ ಮೇಲೊಂದು ಕ್ಯಾಪ್ ಹಾಕಿಸಿದರೆ ಎಷ್ಟೋ ವರ್ಷ ದುಡಿಯುತ್ತದೆ. ವೈದ್ಯರನ್ನು ಮೊದಲು ಕೇಳಬೇಕಾದ್ದು ‘ಇಂಪ್ಲಾಂಟಿಗೆ ಎಷ್ಟು?’ ಅಂತಲ್ಲ, ‘ಇದನ್ನ ಉಳಿಸಲಿಕ್ಕೆ ಬರ್ತದೇನ್ರಿ?’ ಅಂತ. ಉಳಿಯುವುದಿಲ್ಲ ಅಂದರೆ ಯಾಕೆ ಅಂತ ಎಕ್ಸ್‌ರೇ ತೋರಿಸಿ ಹೇಳಲಿ. ಕೇಳಲು ಸಂಕೋಚಪಡಬೇಡ, ಬಾಯಿ ನಿನ್ನದು.

ಇನ್ನು ಇಂಪ್ಲಾಂಟ್ ಅಂದರೆ ಏನು ಅಂತ ಸರಿಯಾಗಿ ತಿಳಿದುಕೋ. ಸುಮಾರು 4 ಮಿಲಿಮೀಟರ್ ದಪ್ಪ, 10 ಮಿಲಿಮೀಟರ್ ಉದ್ದದ ಟೈಟಾನಿಯಂ ತಿರುಪು ಅದು. ವಸಡು ಬಿಡಿಸಿ, ಎಲುಬಿನಲ್ಲಿ ನೀರು ಹಾಯಿಸುತ್ತ ನಿಧಾನವಾಗಿ ರಂಧ್ರ ಕೊರೆದು, ತಿರುಪು ಕೂರಿಸುತ್ತಾರೆ. ಮರಗಟ್ಟುವ ಇಂಜೆಕ್ಷನ್ ಕೊಟ್ಟಿರುವುದರಿಂದ ನೋವು ಕಾಣದು, ಯಂತ್ರದ ಗುರ್ರ್ ಸದ್ದು ಮಾತ್ರ ತಲೆಯೊಳಗೇ ಕೇಳುತ್ತದೆ. ಮುಖ್ಯ ಕೆಲಸ ಶುರುವಾಗುವುದು ಆಮೇಲೆ, ಅದನ್ನು ಮಾಡುವುದು ವೈದ್ಯರಲ್ಲ, ನಿನ್ನ ಎಲುಬು. 1952ರಲ್ಲಿ ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ವಿಜ್ಞಾನಿ ಮೊಲದ ಕಾಲೆಲುಬಿನಲ್ಲಿ ಟೈಟಾನಿಯಂನ ಪುಟ್ಟ ಸಾಧನ ಕೂರಿಸಿ ಎಲುಬು ಮಾಯುವುದನ್ನು ನೋಡುತ್ತಿದ್ದರು. ಕೊನೆಗೆ ತೆಗೆಯಲು ಹೋದರೆ ಬರಲೇ ಇಲ್ಲ, ಎಲುಬು ಲೋಹವನ್ನು ತನ್ನದೇ ಅಂತ ಅಪ್ಪಿಕೊಂಡುಬಿಟ್ಟಿತ್ತು. 1965ರಲ್ಲಿ ಯೋಸ್ಟಾ ಲಾರ್ಸನ್ ಎಂಬವರ ದವಡೆಗೆ ಮೊದಲ ಸಲ ಹಾಕಿದರು. 2006ರಲ್ಲಿ ಅವರು ತೀರಿಕೊಳ್ಳುವವರೆಗೂ ಆ ಹಲ್ಲುಗಳು ಕೆಲಸ ಮಾಡಿದವು.

ಹಾಗಾಗಿ ತಮ್ಮಾ, ಎಲ್ಲ ಲೆಕ್ಕವೂ ಎಲುಬಿನದು. ನಮ್ಮ ಬೀದರಿನ ಕೆಂಪು ಜಂಬಿಟ್ಟಿಗೆ ಕಲ್ಲಿನಲ್ಲಿ ಹೊಡೆದ ಗೂಟ ಅಲುಗದು, ಮಳೆಗಾಲದ ಎರೆಹೊಲದಲ್ಲಿ ಅದೇ ಗೂಟವನ್ನು ಎತ್ತು ಒಂದೇ ಜಗ್ಗಿಗೆ ಕಿತ್ತುಕೊಂಡು ಹೋಗುತ್ತದೆ. ಹಲ್ಲು ಹೋದ ಜಾಗದಲ್ಲಿ ಎಲುಬಿಗೆ ಕೆಲಸವಿಲ್ಲದೆ ಅದು ಸವೆಯುತ್ತ ಬರುತ್ತದೆ. ಮೊದಲ ವರ್ಷದಲ್ಲೇ ಅದರ ಅಗಲ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯಬಹುದು. ಪಕ್ಕದ ಹಲ್ಲುಗಳು ಖಾಲಿ ಜಾಗಕ್ಕೆ ವಾಲುತ್ತವೆ, ಎದುರಿನದು ಉದ್ದವಾಗಿ ಇಳಿಯುತ್ತದೆ. ‘ಲಗ್ನದ ಹೊತ್ತಿಗೆ ಹಾಕಿಸಿದ್ರ ಆಯ್ತು’ ಅಂತ ಐದಾರು ವರ್ಷ ಬಿಟ್ಟು ಹೋದವರಿಗೆ ಎಲುಬು ತುಂಬಿಸುವ ಇನ್ನೊಂದು ಆಪರೇಷನ್ನು, ಅದಕ್ಕೊಂದು ಖರ್ಚು. ಮೇಲಿನ ದವಡೆಯ ಹಿಂಬದಿ ಹಲ್ಲುಗಳ ಮೇಲೆ ಸೈನಸ್ಸಿನ ಗಾಳಿಗೂಡು ಇದೆ, ಕೆಳಗಡೆ ತುಟಿಗೆ ಸ್ಪರ್ಶ ಕೊಡುವ ನರ ಹಾದುಹೋಗುತ್ತದೆ. ಅದಕ್ಕೇ ಕೊರೆಯುವ ಮೊದಲು ಇವೆಲ್ಲ ಎಲ್ಲಿವೆ ಅಂತ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಬರೆದುಕೊಟ್ಟರೆ ಹಣ ಕೀಳಲಿಕ್ಕೆ ಅಂತ ತಿಳಿಯಬೇಡ.

ಈಗ ನಿನ್ನ ಅಂಗಿ ಜೇಬಿನಲ್ಲಿರುವ ಪುಡಿಕೆಗಳ ವಿಷಯಕ್ಕೆ ಬರುತ್ತೇನೆ. ಸಿಟ್ಟಾಗಬೇಡ.

2013ರಲ್ಲಿ ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ನಿಷೇಧದ ಗತಿ ನೀನೇ ದಿನಾ ನೋಡುತ್ತೀ. ಪಾನ್ ಮಸಾಲೆಯ ಪುಡಿಕೆ ಒಂದು, ಜರ್ದಾದ ಪುಡಿಕೆ ಇನ್ನೊಂದು, ಎರಡನ್ನೂ ಅಂಗೈಯಲ್ಲಿ ಕೂಡಿಸಿ ಬಾಯಿಗೆ ಹಾಕಿಕೊಂಡರೆ ಮತ್ತೆ ಅದೇ. ಔರಾದ್ ಕಡೆಯ ಗಡಿಹಳ್ಳಿಗಳಲ್ಲಿ ನಮ್ಮ ಹೆಣ್ಣುಮಕ್ಕಳು ಹಲ್ಲಿಗೆ ಉಜ್ಜುವ ಮಿಸರಿಯೂ ಸುಟ್ಟ ತಂಬಾಕೇ. ತಂಬಾಕು ವಸಡಿಗೆ ಹರಿಯುವ ರಕ್ತ ಕಡಿಮೆ ಮಾಡುತ್ತದೆ, ಗಾಯ ಮಾಯಗೊಡುವುದಿಲ್ಲ, ಎಲುಬು ತಿರುಪನ್ನು ಹಿಡಿಯಗೊಡುವುದಿಲ್ಲ. ಅಡಿಕೆಯದು ಬೇರೆಯೇ ಕಾಟ. ಕನ್ನಡಿ ಮುಂದೆ ನಿಂತು ಮೂರು ಬೆರಳನ್ನು ಒಂದರ ಮೇಲೊಂದು ನೆಟ್ಟಗೆ ಹಿಡಿದು ಬಾಯೊಳಗೆ ಇಟ್ಟು ನೋಡು. ಹೋಗದಿದ್ದರೆ, ಖಾರ ತಿಂದರೆ ಬಾಯಿ ಉರಿಯುತ್ತಿದ್ದರೆ, ಕೆನ್ನೆಯ ಒಳಭಾಗ ಬಿಳಿಚಿ ಬಿಗಿಯಾಗಿದ್ದರೆ ಅದು ಅಡಿಕೆ ತಂದ ರೋಗವಿರಬಹುದು, ಮುಂದೆ ಕ್ಯಾನ್ಸರಿಗೂ ತಿರುಗಬಲ್ಲದು. ಅಂಥ ಬಾಯಿಗೆ ಕೊರೆಯುವ ಯಂತ್ರದ ಮೂತಿಯೂ ಒಳಹೋಗುವುದಿಲ್ಲ. ಆಗ ತೋರಿಸಬೇಕಾದ್ದು ಆ ರೋಗವನ್ನು, ಹಲ್ಲಿನ ಮಾತು ಆಮೇಲೆ. ಚಟ ಬಿಡುವುದು ಕಷ್ಟವೆಂದು ಬಲ್ಲೆ. ಆದರೂ ಬಿಡದೆ ಇಂಪ್ಲಾಂಟಿಗೆ ದುಡ್ಡು ಕಟ್ಟಬೇಡ, ಅದು ಹಣ ಉಗುಳಿದ ಹಾಗೆಯೇ.

ನಿನ್ನ ಅಪ್ಪನಿಗೂ ಒಂದಷ್ಟು ಹೇಳು. ಶುಗರ್ ಇದ್ದವರಿಗೆ ಇಂಪ್ಲಾಂಟ್ ಆಗುವುದಿಲ್ಲವೆಂದಲ್ಲ, ಆದರೆ ಮೂರು ತಿಂಗಳ ಸರಾಸರಿ ಹೇಳುವ ರಕ್ತ ಪರೀಕ್ಷೆ ಹತೋಟಿಯಲ್ಲಿ ಬರಬೇಕು. ಎಲುಬು ಸವೆತಕ್ಕೆ ಗುಳಿಗೆಯೋ ಇಂಜೆಕ್ಷನ್ನೋ ತೆಗೆದುಕೊಳ್ಳುತ್ತಿದ್ದರೆ ಹಲ್ಲು ಕೀಳಿಸುವ ಮೊದಲೇ ಅದನ್ನು ಹೇಳಲೇಬೇಕು. ಹಲ್ಲೇ ಇಲ್ಲದ ನಿನ್ನ ಅಜ್ಜಿಗೆ ಬಾಯಿ ತುಂಬ ತಿರುಪು ಹಾಕಿಸುತ್ತೇವೆಂದು ಯಾರಾದರೂ ಅಂದರೆ ಸ್ವಲ್ಪ ತಡೆ. ಕೆಳದವಡೆಯ ಮುಂದೆ ಎರಡೇ ಇಂಪ್ಲಾಂಟ್ ಹಾಕಿ ಅದರ ಮೇಲೆ ಗುಂಡಿಯಂತೆ ಹಲ್ಲಿನ ಸೆಟ್ ಕೂರಿಸಿದರೂ ಅಲುಗಾಡದೆ ನಿಲ್ಲುತ್ತದೆ. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಕೂಡಿದ ತಜ್ಞರು ಹಲ್ಲಿಲ್ಲದ ಕೆಳದವಡೆಗೆ ಮೊದಲು ಯೋಚಿಸಬೇಕಾದ್ದು ಇದನ್ನೇ ಅಂದರು. ನನ್ನ ಅಭಿಪ್ರಾಯವೂ ಇದೇ. ಅಷ್ಟೂ ಆಗದಿದ್ದರೆ ಬರೀ ಸೆಟ್ ಇದ್ದೇ ಇದೆ, ಅದರಲ್ಲಿ ನಾಚಿಕೆ ಏನು? ಬಿಪಿಎಲ್ ಕಾರ್ಡಿನ ಹಿರಿಯರಿಗೆ ಪುಕ್ಕಟೆ ಸೆಟ್ ಕೊಡಲಿಕ್ಕೆಂದೇ ಸರ್ಕಾರ ‘ದಂತ ಭಾಗ್ಯ’ ಯೋಜನೆ ತಂದಿತು. ನಿಮ್ಮ ತಾಲೂಕಿನ ಸರ್ಕಾರಿ ದವಾಖಾನೆಯ ದಂತ ವೈದ್ಯರಲ್ಲಿ ವಿಚಾರಿಸು.

ದುಡ್ಡಿನ ಮಾತು. ಒಂದು ಹಲ್ಲಿಗೆ ಹತ್ತಾರು ಸಾವಿರ ಆಗುತ್ತದೆ, ಅದರಲ್ಲಿ ತಿರುಪು, ಮೇಲಿನ ಕ್ಯಾಪ್, ಸ್ಕ್ಯಾನ್ ಎಲ್ಲ ಸೇರಿದೆಯೋ ಇಲ್ಲವೋ ಬರೆಸಿಕೋ. ನೌಬಾದಿನ ಎಸ್.ಬಿ. ಪಾಟೀಲ ದಂತ ಕಾಲೇಜಿನಂಥ ಕಡೆ ಕಲಿಯುವವರು ಹಿರಿಯ ವೈದ್ಯರ ಕಣ್ಣೆದುರಿಗೆ ಕೆಲಸ ಮಾಡುತ್ತಾರೆ. ಕಾಲೇಜು ಅಂದರೆ ಹೊತ್ತು ಹೆಚ್ಚು ಹಿಡಿಯುತ್ತದೆ, ಖರ್ಚು ಸಾಮಾನ್ಯವಾಗಿ ಕಡಿಮೆ. ಹೈದರಾಬಾದಿಗೆ ಹೋದರೇ ಛಲೋ ಅನ್ನುವುದು ನಮ್ಮವರ ಹಳೇ ಹುಚ್ಚು. ತಿರುಪು ಹಾಕಿದ ಮೇಲೆ ಕೆಳದವಡೆಗೆ ಮೂರು ತಿಂಗಳು, ಮೇಲಿನದಕ್ಕೆ ಆರು ತಿಂಗಳವರೆಗೂ ಕಾಯಬೇಕಾಗುತ್ತದೆ, ಮತ್ತೆ ಮತ್ತೆ ಹೋಗಬೇಕಾಗುತ್ತದೆ. ನಮ್ಮ ಔರಾದಿಗೆ ರೈಲೂ ಇಲ್ಲ, ಬಸ್ಸೇ ಗತಿ. ಹತ್ತಿರದವರು ಅರ್ಹರಾಗಿದ್ದರೆ ಹತ್ತಿರದವರೇ ಲೇಸು. ‘ಒಂದೇ ದಿನದಾಗ ಹಲ್ಲು’ ಅನ್ನುವುದು ಗಟ್ಟಿ ಎಲುಬಿನ ಕೆಲವರಿಗೆ ಆಗುತ್ತದೆ, ಅದೂ ತಾತ್ಕಾಲಿಕ ಹಲ್ಲು, ಎಲ್ಲರಿಗೂ ಅಲ್ಲ. ಇನ್ನು ಸಂತೆಯಲ್ಲಿ ಸಿಮೆಂಟಿನಿಂದ ಹಲ್ಲು ಕೂರಿಸುವವರ ಹತ್ತಿರ ಸುಳಿಯಲೇಬೇಡ. ದಂತ ವೈದ್ಯರಿಗೆ ರಾಜ್ಯದ ದಂತ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ, ಕೇಳು.

ನಿನ್ನ ತಮ್ಮ ಕಬಡ್ಡಿ ಆಡುತ್ತಾನಲ್ಲ, ಅವನಿಗೂ ಇದು ಗೊತ್ತಿರಲಿ. ಪೆಟ್ಟು ಬಿದ್ದು ಮುಂದಿನ ಹಲ್ಲು ಬೇರುಸಹಿತ ಕಿತ್ತು ಬಂದರೆ ಬೇರನ್ನು ಮುಟ್ಟದೆ ಮೇಲ್ಭಾಗ ಹಿಡಿದು ಎತ್ತಿ, ಹಾಲಿನಲ್ಲಿ ಹಾಕಿಕೊಂಡು ಒಂದು ತಾಸಿನೊಳಗೆ ದಂತ ವೈದ್ಯರನ್ನು ಮುಟ್ಟಬೇಕು. ಹಾಲುಹಲ್ಲಲ್ಲದಿದ್ದರೆ ಅದನ್ನೇ ಮತ್ತೆ ಕೂರಿಸಬಹುದು. ಅವನ ವಯಸ್ಸಿಗೆ ಇಂಪ್ಲಾಂಟ್ ಹಾಕುವುದಿಲ್ಲ. ದವಡೆ ಬೆಳೆಯುತ್ತಿರುವಾಗ ಹಾಕಿದ್ದು ಅದರ ಜೊತೆ ಬೆಳೆಯದೆ ಹಿಂದೆಯೇ ಉಳಿದುಬಿಡುತ್ತದೆ.

ಇಂಪ್ಲಾಂಟ್ ಹಾಕಿಸಿಕೊಂಡ ಮೇಲೆ ಮುಗಿಯಿತು ಅಂದುಕೊಂಡವರೇ ಹೆಚ್ಚು ಕೆಡಿಸಿಕೊಳ್ಳುತ್ತಾರೆ. ಅದಕ್ಕೆ ಹುಳುಕು ಹಿಡಿಯದು ನಿಜ, ಆದರೆ ಸುತ್ತಲಿನ ವಸಡು ಕೀವುಗಟ್ಟಿದರೆ ಎಲುಬು ನೋವಿಲ್ಲದೇ ಕರಗುತ್ತದೆ. ದಿನಕ್ಕೆರಡು ಸಲ ಬ್ರಷ್, ಸಂದಿಗೆ ಸಣ್ಣ ಬ್ರಷ್, ಆರು ತಿಂಗಳಿಗೊಮ್ಮೆ ತೋರಿಸುವುದು, ಇಷ್ಟು ಸಾಕು. ಎಳ್ಳ ಅಮಾಸಿಗೆ ಹೊಲದಲ್ಲಿ ಕೂತು ಭಜ್ಜಿ-ರೊಟ್ಟಿ ಧಾರಾಳ ತಿನ್ನು, ಬಾಟಲಿ ಮುಚ್ಚಳ ಮಾತ್ರ ಅದರಿಂದ ಕಚ್ಚಬೇಡ. ಮತ್ತೆ, ತಿರುಪಿನ ಕಂಪನಿ, ಅಳತೆ, ಬ್ಯಾಚ್ ನಂಬರು ಇರುವ ಸ್ಟಿಕ್ಕರನ್ನು ಕಾರ್ಡಿಗೆ ಹಚ್ಚಿಸಿ ಕೇಳಿ ಪಡೆದುಕೊಂಡು ಆಧಾರ್, ಪಹಣಿಗಳ ಜೊತೆ ಇಡು. ನಾಳೆ ದುಡಿಯಲಿಕ್ಕೆ ಪುಣೆಗೋ ಬೆಂಗಳೂರಿಗೋ ಹೋದಾಗ ಕ್ಯಾಪ್ ಸಡಿಲಾದರೆ, ಅಲ್ಲಿನ ವೈದ್ಯರು ಮೊದಲು ಕೇಳುವುದು ಅದೇ ಕಾರ್ಡನ್ನು.